ಒಬ್ಬಳಿಗಾಗಿ ಒಗ್ಗರಣೆ

ಮನೆಗೆ ಬೆಂಕಿ ಬಿದ್ದರೆ ಬೀದಿಯವರೆಲ್ಲ ಕೊಡ, ಬಕೆಟ್ಟು ಹಿಡಿದು ಓಡಿ ಬರುತ್ತಾರೆ. ಬೆಂಕಿ ಆರಿದ ಮೇಲೆ ಅವರವರ ಮನೆಗೆ ಅವರವರು ಹೋಗುತ್ತಾರೆ. ಹೋಗಲೇಬೇಕು, ಅವರಿಗೂ ಒಲೆಯ ಮೇಲೆ ಅನ್ನ ಇರುತ್ತದೆ. ಮಸಿ ಹಿಡಿದ ಗೋಡೆಗೆ ಸುಣ್ಣ ಬಳಿಯುವ ಕೆಲಸ ಮಾತ್ರ ಮನೆಯವರದ್ದೇ. ಆ ಕೆಲಸಕ್ಕೆ ಗದ್ದಲವಿಲ್ಲ, ನೋಡುವವರಿಲ್ಲ, ‘ಭಲೇ’ ಅನ್ನುವವರೂ ಇಲ್ಲ. ಮದುವೆ ಮುರಿದ ಮನೆಯ ಕಥೆಯೂ ಹೀಗೆಯೇ. ಮುರಿಯುವಾಗ ಸುತ್ತ ಜನವೋ ಜನ. ಮುರಿದು ಒಂದೆರಡು ವರ್ಷ ಕಳೆದ ಮೇಲೆ ನಾವು ಮತ್ತು ನಮ್ಮ ಮನಸ್ಸು. ಆ ಮನಸ್ಸನ್ನು ನೋಡಿಕೊಳ್ಳುವ ಕೆಲಸವನ್ನು ನಡುವೆ ಕೈಬಿಡದೆ ಮಾಡಿಕೊಂಡು ಹೋಗುವುದು ಹೇಗೆ ಎಂಬುದೇ ನಾನಿಲ್ಲಿ ಹೇಳಬೇಕೆಂದಿರುವ ಮಾತು.

ನನ್ನ ವಿಚ್ಛೇದನ ಆದದ್ದು 2018ರಲ್ಲಿ. ಇಪ್ಪತ್ತನಾಲ್ಕು ವರ್ಷದ ದಾಂಪತ್ಯ. ಕಾರಣ ಏನು ಎಂದು ಇಲ್ಲಿ ಬರೆಯುವುದಿಲ್ಲ. ಅದು ಇಬ್ಬರಿಗೆ ಸೇರಿದ ಮಾತು, ಒಬ್ಬಳೇ ಕೂತು ಬರೆದರೆ ಅರ್ಧ ಸುಳ್ಳಾದೀತು. ಇಬ್ಬರೂ ಒಪ್ಪಿಯೇ ಅರ್ಜಿ ಹಾಕಿದೆವು. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ತಿದ್ದುಪಡಿ ಮಾಡಿ, ಪರಸ್ಪರ ಒಪ್ಪಿಗೆಯ ಮೇಲೆ ಬೇರೆಯಾಗಲು ದಾರಿ ಮಾಡಿಕೊಟ್ಟಿದ್ದಾರೆ. ಒಂದು ವರ್ಷವಾದರೂ ಬೇರೆಯಾಗಿ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ‘ಇನ್ನೊಮ್ಮೆ ಯೋಚಿಸಿ’ ಎಂದು ಆರು ತಿಂಗಳ ಅವಕಾಶ ಕೊಡುತ್ತಾರೆ. ಕೂಡಿ ಬಾಳುವ ಆಸೆಯೇ ಇಲ್ಲ ಎಂದು ಖಚಿತವಾದರೆ ಆ ಆರು ತಿಂಗಳನ್ನು ಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮಗೆ ಪೂರ್ತಿ ಆರು ತಿಂಗಳೂ ಸಿಕ್ಕಿತು. ಬೇರೆಯಾಗುವ ಮುಂಚೆ ಯೋಚಿಸಲಿಕ್ಕೆ ಕಾನೂನು ಇಷ್ಟೆಲ್ಲ ಸಮಯ ಕೊಡುತ್ತದೆ. ಬೇರೆಯಾದ ಮೇಲೆ ಏನು ಮಾಡಬೇಕು ಎಂಬುದಕ್ಕೆ ಯಾವ ಕಾಯಿದೆಯಲ್ಲೂ ಕಲಮು ಇಲ್ಲ. ತೀರ್ಪಿನ ಪ್ರತಿಯನ್ನು ಕೈಗೆ ಕೊಟ್ಟು ಕಳಿಸುತ್ತಾರೆ. ಅದನ್ನು ಮನೆಗೆ ತಂದು ಎಲ್ಲಿಡಬೇಕು ಅನ್ನುವುದೇ ಮೊದಲ ಪ್ರಶ್ನೆ. ನಾನು ನನ್ನ ಅಂಕಪಟ್ಟಿಗಳ ಫೈಲಿನಲ್ಲಿ, ಬಿ.ಎಡ್. ಪ್ರಮಾಣಪತ್ರದ ಹಿಂದೆ ಇಟ್ಟೆ.

ಮೊದಲ ಮೂರು ತಿಂಗಳು ಫೋನು ಬಿಡುವಿರಲಿಲ್ಲ. ದೂರದ ಅತ್ತಿಗೆ ಮಾತಾಡಿದರು, ಹತ್ತಿರದ ಚಿಕ್ಕಮ್ಮ ಮೌನವಾಗಿ ಅತ್ತರು, ಪಕ್ಕದ ಮನೆಯವರು ಹುಳಿ-ಪಲ್ಯ ತಂದುಕೊಟ್ಟರು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗಳು ಪ್ರತಿ ಶನಿವಾರ ರಾತ್ರಿ ರೈಲು ಹತ್ತಿ ಶಿವಮೊಗ್ಗಕ್ಕೆ ಬಂದಳು. ನಾಲ್ಕನೆಯ ತಿಂಗಳಿಗೆ ಎಲ್ಲ ತಣ್ಣಗಾಯಿತು. ಯಾರ ಮೇಲೂ ದೂರಿಲ್ಲ. ಜನ ಎಷ್ಟು ದಿನ ಎಂದು ಬೇರೆಯವರ ದುಃಖಕ್ಕೆ ಕಾವಲು ಕೂರುತ್ತಾರೆ?

ನನಗೆ ಕಾಯಿಲೆ ಶುರುವಾದದ್ದು ಆಗಲೇ. ಕಾಯಿಲೆ ಎಂದು ಆಗ ಹೆಸರಿಟ್ಟಿರಲಿಲ್ಲ. ರಾತ್ರಿ ಹತ್ತಕ್ಕೆ ನಿದ್ದೆ ಬರುತ್ತಿತ್ತು, ಮೂರು ಗಂಟೆಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಆಮೇಲೆ ಬೆಳಗಾಗುವವರೆಗೆ ಗಡಿಯಾರದ ಸದ್ದು. ನಾಲಿಗೆಗೆ ರುಚಿಯಿಲ್ಲ. ಒಂಬತ್ತನೇ ತರಗತಿಗೆ ವ್ಯಾಕರಣ ಮಾಡುತ್ತ, ಮೂವತ್ತು ವರ್ಷದಿಂದ ಹೇಳಿಕೊಂಡು ಬಂದ ಸವರ್ಣದೀರ್ಘ ಸಂಧಿಗೆ ಉದಾಹರಣೆ ಹೊಳೆಯದೆ ಬೋರ್ಡಿನ ಮುಂದೆ ನಿಂತೆ. ವಿಚಿತ್ರವೆಂದರೆ ಅಳು ಬರುತ್ತಿರಲಿಲ್ಲ. ಅಳು ಬಂದಿದ್ದರೆ ದುಃಖ ಎಂದಾದರೂ ಗೊತ್ತಾಗುತ್ತಿತ್ತು. ಬಂದದ್ದು ಬರೀ ಭಾರ, ಒದ್ದೆ ಕಂಬಳಿ ಹೊದ್ದು ನಡೆದ ಹಾಗೆ.

ಅದನ್ನು ಮೊದಲು ಗುರುತಿಸಿದವರು ನಮ್ಮ ಶಾಲೆಯ ಗಣಿತದ ಮೇಡಂ. ಲೆಕ್ಕದವರಿಗೆ ಮಾತು ಕಡಿಮೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಊಟದ ಡಬ್ಬಿ ನೋಡಿ, “ಮೇಡಂ, ಒಂದು ವಾರದಿಂದ ನೀವು ಡಬ್ಬಿ ತೆರೆಯೋದು, ಮುಚ್ಚೋದು ಅಷ್ಟೇ ಮಾಡ್ತಿದ್ದೀರಿ. ನಾಳೆ ಎರಡನೇ ಪೀರಿಯಡ್ ಆದ ಮೇಲೆ ಇಬ್ಬರೂ ಅರ್ಧ ದಿನ ರಜೆ ಹಾಕೋಣ. ಡಾಕ್ಟರ ಹತ್ರ ಹೋಗಿ ಬರೋಣ” ಅಂದರು. “ಯಾವ ಡಾಕ್ಟರು?” ಅಂದೆ. “ಮನಸ್ಸಿನ ಡಾಕ್ಟರು” ಎಂದು ನೇರವಾಗಿಯೇ ಹೇಳಿದರು. ನನ್ನ ಜೊತೆ ಬಂದರು, ಹೊರಗೆ ಬೆಂಚಿನ ಮೇಲೆ ಉತ್ತರ ಪತ್ರಿಕೆ ತಿದ್ದುತ್ತ ಕೂತರು.

ಮನೋವೈದ್ಯರು ಮಂಚದ ಮೇಲೆ ಮಲಗಿಸಿ ಬಾಲ್ಯದ ಕಥೆ ಕೇಳುತ್ತಾರೆ ಎಂದು ನಾನು ಕಾದಂಬರಿ, ಸಿನಿಮಾದಿಂದ ತಿಳಿದಿದ್ದೆ. ಅವರು ಕೇಳಿದ್ದು ನಿದ್ದೆ, ಹಸಿವು, ಮುಟ್ಟು, ಏಕಾಗ್ರತೆ. “ಬದುಕು ಸಾಕು ಅನ್ನಿಸುತ್ತದೆಯೇ?” ಎಂದೂ ಕೇಳಿದರು, ‘ಕೆಮ್ಮು ಇದೆಯೇ’ ಎಂದು ಕೇಳುವಷ್ಟೇ ಸಹಜವಾಗಿ. ಆಮೇಲೆ ರಕ್ತಪರೀಕ್ಷೆಗೆ ಬರೆದರು. ಥೈರಾಯ್ಡು ಕಡಿಮೆಯಾದರೂ, ಬಿ12 ಜೀವಸತ್ವ ಇಳಿದರೂ, ರಕ್ತಹೀನತೆ ಇದ್ದರೂ ಇಂಥದೇ ಸುಸ್ತು, ಬೇಸರ, ಮರೆವು ಬರುವುದುಂಟಂತೆ. ಐವತ್ತರ ಹತ್ತಿರದ ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲದ ಏರುಪೇರು ಬೇರೆ. ಎಲ್ಲವನ್ನೂ ನೋಡಿ ಕೊನೆಗೆ ಹೇಳಿದರು: “ಇದು ಖಿನ್ನತೆ. ವಾಸಿಯಾಗುವ ಕಾಯಿಲೆ. ಆದರೆ ನಿಧಾನ.”

ಆ ‘ನಿಧಾನ’ ಅನ್ನುವ ಮಾತು ನನಗೆ ಆಮೇಲೆ ಅರ್ಥವಾಯಿತು. ತಲೆನೋವಿನ ಮಾತ್ರೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುತ್ತದೆ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲಿಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಆ ವಾರಗಳಲ್ಲಿ ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಮೊದಲು ಬರುತ್ತದೆ, ಸುಖ ಆಮೇಲೆ ಬರುತ್ತದೆ. ಚೆನ್ನಾಗಿ ಆದ ಮೇಲೂ ಕಡಿಮೆಯೆಂದರೆ ಆರು ತಿಂಗಳು ಮುಂದುವರಿಸಬೇಕು. ನಿಲ್ಲಿಸುವಾಗಲೂ ಒಂದೇ ಸಲ ಅಲ್ಲ, ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ನೋಡಿ, ಇಲ್ಲಿಯೂ ಆರು ತಿಂಗಳು! ಕೋರ್ಟಿನ ಆರು ತಿಂಗಳನ್ನು ಕಾಯುವುದು ಕಷ್ಟವಲ್ಲ, ತಾರೀಖು ಕೊಟ್ಟು ಕರೆಯುತ್ತಾರೆ. ಈ ಆರು ತಿಂಗಳಿಗೆ ಸಮನ್ಸು ಕಳಿಸುವವರಿಲ್ಲ. ನಾವೇ ಎದ್ದು ಹಾಜರಾಗಬೇಕು.

ಇಂಥ ತರಬೇತಿಯೊಂದರಲ್ಲಿ ನಮಗೆ ಒಂದು ಪಟ್ಟಿ ತೋರಿಸಿದ್ದರು. ಅಮೆರಿಕದ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು 1967ರಲ್ಲಿ ಮಾಡಿದ್ದು. ಬದುಕಿನ 43 ಘಟನೆಗಳಿಗೆ ಅವು ತರುವ ಒತ್ತಡದ ಪ್ರಕಾರ ಅಂಕ ಕೊಟ್ಟಿದ್ದಾರೆ. ಗಂಡ ಅಥವಾ ಹೆಂಡತಿಯ ಸಾವಿಗೆ ನೂರಕ್ಕೆ ನೂರು. ಎರಡನೆಯ ಸ್ಥಾನ ವಿಚ್ಛೇದನಕ್ಕೆ, 73. ಜೈಲುವಾಸಕ್ಕೆ 63. ಮದುವೆಗೂ 50 ಅಂಕ ಇದೆ! ಮೇಷ್ಟರ ಬುದ್ಧಿ ಎಲ್ಲಿಗೆ ಹೋದೀತು? 73 ಎಂದರೆ ಒಳ್ಳೆಯ ಪ್ರಥಮ ದರ್ಜೆ ಎಂದು ಲೆಕ್ಕ ಹಾಕಿ ಒಳಗೇ ನಕ್ಕೆ. ನಗುವ ಹೊತ್ತಿಗೆ ಒಂದು ಸಮಾಧಾನವೂ ಆಯಿತು. ನಾನು ಮೆದು ಮನಸ್ಸಿನವಳು ಎಂದು ಕುಸಿದದ್ದಲ್ಲ. ಹೊರೆಯೇ ಅಷ್ಟು ಭಾರ ಇತ್ತು. ಪಟ್ಟಿ ಅಮೆರಿಕದ್ದು, ಕಾಲವೂ ಹಳೆಯದು. ನಮ್ಮ ಊರಿನಲ್ಲಿ ಅದೇ ಪಟ್ಟಿ ಮಾಡಿದರೆ ‘ಗಂಡ ಬಿಟ್ಟವಳು’ ಎನ್ನುವ ಮಾತಿಗೂ ಪ್ರತ್ಯೇಕವಾಗಿ ಅಂಕ ಕೊಡಬೇಕಾಗುತ್ತದೆ.

ಚಿಕಿತ್ಸೆಗೆ ಹೋಗುವುದೇ ದೊಡ್ಡ ಹೆಜ್ಜೆ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಅದಕ್ಕಿಂತ ಕಷ್ಟದ ಹೆಜ್ಜೆಗಳು ಆಮೇಲೆ ಬರುತ್ತವೆ: ಇಪ್ಪತ್ತನೆಯದು, ನೂರನೆಯದು, ಮುನ್ನೂರನೆಯದು. ಹುರುಪು ಎನ್ನುವುದು ಒಂದು ತಿಂಗಳ ಅತಿಥಿ. ಅದು ಹೋದ ಮೇಲೆ ಮನಸ್ಸು ಒಂದೊಂದೇ ನೆಪ ತೆಗೆಯುತ್ತದೆ. ಆ ನೆಪಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಿಮ್ಮಲ್ಲಿ ಕೆಲವರಿಗೂ ಅವುಗಳ ಪರಿಚಯವಿದ್ದೀತು.

ಮೊದಲ ನೆಪ, ‘ಯಾರಿಗಾಗಿ?’ ಎನ್ನುವುದು. ನಾವು ಹೆಂಗಸರು ಹುಟ್ಟಿದಾಗಿನಿಂದ ಇನ್ನೊಬ್ಬರಿಗಾಗಿ ಒಲೆ ಹಚ್ಚಿದವರು. ಗಂಡನಿಗೆ ಖಾರ, ಮಗಳಿಗೆ ಸಪ್ಪೆ, ಅತ್ತೆಗೆ ಈರುಳ್ಳಿ ಇಲ್ಲದ್ದು. ನಮಗೆ ಯಾವುದು ಇಷ್ಟ ಎಂದು ಕೇಳಿದರೆ, ಉಳಿದದ್ದು. ಮನೆಯಲ್ಲಿ ಒಬ್ಬಳೇ ಆದಾಗ ಒಂದು ಲೋಟ ಅಕ್ಕಿಯೂ ಹೆಚ್ಚು. ಮಜ್ಜಿಗೆ ಅನ್ನ, ಉಪ್ಪಿನಕಾಯಿ. ಬೇಡವಾದರೆ ಎರಡು ಬಿಸ್ಕತ್ತು, ಕಾಫಿ. ಆಪ್ತಸಲಹೆ ಕೊಡುತ್ತಿದ್ದ ಹೆಣ್ಣುಮಗಳು ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಆಕೆ ದೊಡ್ಡ ಉಪದೇಶ ಮಾಡಲಿಲ್ಲ. “ಟೀಚರ್, ಈ ವಾರ ದಿನಕ್ಕೆ ಒಂದು ಸಲ ನಿಮಗೋಸ್ಕರ ಒಗ್ಗರಣೆ ಹಾಕಿ. ಅಷ್ಟು ಸಾಕು” ಅಂದಳು. ಇದೆಂಥ ಔಷಧ ಅನ್ನಿಸಿತು. ಮಾಡಿ ನೋಡಿದೆ. ಸಾಸಿವೆ ಸಿಡಿದು, ಕರಿಬೇವು ಚಟಪಟ ಎಂದು, ಇಂಗಿನ ಘಮ ಮನೆ ತುಂಬಿತು. ಆ ಮನೆಯಲ್ಲಿ ಜನ ಇದ್ದಾರೆ ಅನ್ನಿಸಿತು. ಒಬ್ಬಳು ಎಂದರೂ ಜನವೇ ಅಲ್ಲವೇ? ಅಂದಿನಿಂದ ಇದು ನನ್ನ ನಿಯಮ: ತಿಳಿಸಾರಾದರೂ ಸರಿ, ಒಗ್ಗರಣೆ ಇಲ್ಲದೆ ಊಟವಿಲ್ಲ; ಪಾತ್ರೆಯಿಂದ ನೇರವಾಗಿ ತಿನ್ನುವುದಿಲ್ಲ, ತಟ್ಟೆ ಇಟ್ಟುಕೊಂಡು ಕೂತು ತಿನ್ನುವುದು.

ಎರಡನೆಯ ನೆಪ, ‘ಇವತ್ತು ಮನಸ್ಸಿಲ್ಲ’. ಇದಕ್ಕೆ ಉತ್ತರ ನನಗೆ ಶಾಲೆಯಲ್ಲಿಯೇ ಸಿಕ್ಕಿತು. ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಮೊದಲ ಗಂಟೆ ಹೊಡೆದಾಗ ಪಾಠಕ್ಕೆ ಮನಸ್ಸಿದ್ದ ದಿನ ಎಷ್ಟು ಎಂದು ಕೇಳಿದರೆ ನಿಜ ಹೇಳಲು ನಾಚಿಕೆಯಾದೀತು. ಆದರೂ ಗಂಟೆ ಹೊಡೆದರೆ ಕಾಲು ತರಗತಿಗೆ ಹೋಗುತ್ತದೆ. ಹಾಜರಿ ಕರೆಯುವುದು ಮುಗಿಯುವ ಹೊತ್ತಿಗೆ ಧ್ವನಿ ಬಂದಿರುತ್ತದೆ, ಪದ್ಯದ ಎರಡನೆಯ ಸಾಲಿಗೆ ಮನಸ್ಸೂ ಬಂದಿರುತ್ತದೆ. ಮನಸ್ಸು ಬಂದ ಮೇಲೆ ಕೆಲಸ ಅಲ್ಲ, ಕೆಲಸದ ಹಿಂದೆ ಮನಸ್ಸು. ಖಿನ್ನತೆಗೆ ಕೊಡುವ ಚಿಕಿತ್ಸೆಯಲ್ಲಿ ಇದೇ ಒಂದು ಪದ್ಧತಿ ಎಂದು ಆಮೇಲೆ ತಿಳಿಯಿತು: ಉತ್ಸಾಹಕ್ಕೆ ಕಾಯದೆ, ಸಣ್ಣ ಸಣ್ಣ ಕೆಲಸಗಳನ್ನು ಹೊತ್ತು ಗೊತ್ತು ಮಾಡಿ ಮಾಡಿಸುತ್ತಾರೆ. ನನಗೆ ಅದು ವೇಳಾಪಟ್ಟಿ ಎಂದರೆ ಬೇಗ ಅರ್ಥವಾಯಿತು.

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರಿದೆ. ಎಲ್ಲರ ಮನೆಯಲ್ಲಿ ಇರುವ ಹಾಗೆ ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸು ಬಂದ ದಿನ ಬರೆಯುವುದು. ಅದೇ ಚೌಕದಲ್ಲಿ ಮೂರು ಸಣ್ಣ ಗೆರೆ ಎಳೆಯತೊಡಗಿದೆ: ಮಾತ್ರೆಗೆ ಒಂದು, ನಡಿಗೆಗೆ ಒಂದು, ಯಾರಾದರೊಬ್ಬರ ಜೊತೆ ಮಾತಾಡಿದ್ದಕ್ಕೆ ಒಂದು. ಮೂರನೆಯದು ಬೇಕೇ ಬೇಕು. ತರಗತಿಯಲ್ಲಿ ಕೂಗಿದ್ದು ಮಾತಲ್ಲ, ತರಕಾರಿಯವನ ಹತ್ತಿರ ಚೌಕಾಸಿಯೂ ಲೆಕ್ಕಕ್ಕಿಲ್ಲ. ‘ಹೇಗಿದ್ದೀರಿ’ ಎಂದು ಕೇಳಿ ಉತ್ತರಕ್ಕೆ ಕಾಯುವ ಮಾತು. ಗೆರೆ ಬಿದ್ದ ದಿನ ಬಹುಮಾನವಿಲ್ಲ, ಬೀಳದ ದಿನ ಶಿಕ್ಷೆಯೂ ಇಲ್ಲ. ತಿಂಗಳ ಕೊನೆಗೆ ಒಮ್ಮೆ ನೋಡುವುದು ಅಷ್ಟೇ. ಹಾಲಿನ ಲೆಕ್ಕ ಹಾಲಿನವನಿಗೆ, ಈ ಲೆಕ್ಕ ನನಗೆ.

ನಡಿಗೆಯ ಬಗ್ಗೆ ಒಂದು ಮಾತು. ಡಿಸೆಂಬರಿನಲ್ಲಿ ಬೆಳಗಿನ ನಡಿಗೆ ಯಾರು ಬೇಕಾದರೂ ಮಾಡಬಹುದು. ಮಲೆನಾಡಿನ ಸೆರಗಿನಲ್ಲಿರುವ ನಮ್ಮೂರಿಗೆ ಜೂನ್ ಬಂತೆಂದರೆ ಮಳೆ, ಜುಲೈಯಲ್ಲಿ ತುಂಗೆ ಕೆಂಪಗೆ ತುಂಬಿ ಹರಿಯುತ್ತಾಳೆ, ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಖಿನ್ನತೆ ಇರುವವರಿಗೆ ಆ ಕಪ್ಪು ಮೋಡದ ದಿನಗಳು ಇನ್ನಷ್ಟು ಕಷ್ಟ. ಅದಕ್ಕೆ ನಾನು ನಡಿಗೆಗೆ ‘ಹತ್ತು ನಿಮಿಷ’ ಎಂದಷ್ಟೇ ಹೆಸರಿಟ್ಟೆ. ಕೊಡೆ ಹಿಡಿದು ಬೀದಿಯ ಕೊನೆಯವರೆಗೆ ಹೋದರೂ ಸರಿ, ಶಾಲೆಯ ಉದ್ದ ಜಗಲಿಯಲ್ಲಿ ಮಕ್ಕಳು ಬರುವ ಮುಂಚೆ ಆರು ಸಲ ಅಡ್ಡಾಡಿದರೂ ಸರಿ. ಹತ್ತು ನಿಮಿಷಕ್ಕೆ ಮನಸ್ಸು ನೆಪ ಹೇಳಲಾರದು. ಹೆಚ್ಚು ದಿನ ಅದು ಅರ್ಧ ಗಂಟೆಯಾಗುತ್ತದೆ. ಆಗದಿದ್ದರೆ ಹತ್ತೇ ನಿಮಿಷ.

ಮೂರನೆಯ ನೆಪ ಎಲ್ಲಕ್ಕಿಂತ ಸಜ್ಜನನ ವೇಷದಲ್ಲಿ ಬರುತ್ತದೆ: ‘ಈಗ ಚೆನ್ನಾಗಿದ್ದೇನಲ್ಲ!’ ನಮ್ಮ ಬೀದಿಯಲ್ಲಿ ಒಬ್ಬರು ಇದೇ ಮಾತಿಗೆ ಮರುಳಾಗಿ ಎರಡೇ ತಿಂಗಳಿಗೆ ಮಾತ್ರೆ ನಿಲ್ಲಿಸಿ, ಮಳೆಗಾಲದ ನಡುವೆ ಮತ್ತೆ ಹಾಸಿಗೆ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೆ. ಆದ್ದರಿಂದ ನಾನು ವೈದ್ಯರನ್ನೇ ಕೇಳಿದೆ, “ನನಗೆ ವಾಸಿಯಾಯಿತು ಎಂದು ನಿರ್ಧಾರ ಮಾಡುವವರು ಯಾರು?” “ನೀವು ಅನುಭವ ಹೇಳಿ, ನಾನು ಲೆಕ್ಕ ನೋಡುತ್ತೇನೆ, ಇಬ್ಬರೂ ಸೇರಿ ನಿರ್ಧಾರ ಮಾಡೋಣ” ಅಂದರು. ಈ ಮಾತ್ರೆಗಳು ನಿದ್ದೆ ಮಾತ್ರೆಯಂತೆ ಚಟ ಹಿಡಿಸುವುದಿಲ್ಲ ಎಂದೂ ಬಿಡಿಸಿ ಹೇಳಿದರು. ನನ್ನ ಮಾತ್ರೆಗಳು ನಿಂತದ್ದು ಹನ್ನೊಂದು ತಿಂಗಳಿಗೆ. ಆಪ್ತಸಲಹೆ ನಿಲ್ಲಲಿಲ್ಲ; ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ, ಶಾಲೆಯ ಗಂಟೆಯೂ ನಿಂತು, ಮನೆಯೊಳಗೆ ನಾನೊಬ್ಬಳೇ ಉಳಿದಾಗ ಅದೇ ತಿಂಗಳಿಗೊಮ್ಮೆಯ ಮಾತು ಫೋನಿನಲ್ಲಿ ನಡೆಯಿತು. ‘ಚೆನ್ನಾಗಿದ್ದಾಗ’ ಬಿಡದೆ ಇಟ್ಟುಕೊಂಡದ್ದು ಚೆನ್ನಾಗಿಲ್ಲದ ಕಾಲಕ್ಕೆ ಒದಗಿತು. ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಹಪ್ಪಳ ಸಂಡಿಗೆ ಮಾಡಿಡುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕೇ?

ನಾಲ್ಕನೆಯದು, ‘ಜನ ಏನಂದಾರು?’ ನನ್ನ ಅಮ್ಮನ ತಲೆಮಾರು ತ್ರಿವೇಣಿಯವರ ಕಾದಂಬರಿಗಳನ್ನು ಓದಿ ಬೆಳೆದದ್ದು. ‘ಶರಪಂಜರ’ದ ಕಾವೇರಿಯನ್ನು ಅಮ್ಮ ಮನೆಯ ಮಗಳಂತೆ ನೆನೆಯುತ್ತಾಳೆ. ಬಾಣಂತನದ ಹೊತ್ತಿಗೆ ಮನಸ್ಸು ಕದಡಿದ ಹೆಣ್ಣು ಆಸ್ಪತ್ರೆಯಿಂದ ಗುಣವಾಗಿ ಬರುತ್ತಾಳೆ. ಆಸ್ಪತ್ರೆ ಅವಳನ್ನು ಗುಣಪಡಿಸಿತು, ಮನೆ ಮತ್ತು ಬೀದಿ ಮತ್ತೆ ಕೆಡಿಸಿದವು. ಮೂವತ್ತೈದು ವರ್ಷ ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ಇದನ್ನು ಅಷ್ಟು ಹಿಂದೆಯೇ ಕಂಡಿದ್ದರು. ಆದರೂ ನಾನು ಮನೋವೈದ್ಯರ ಹತ್ತಿರ ಹೋಗುವುದು ತಿಳಿದಾಗ ಅಮ್ಮನ ಬಾಯಿಂದ ಮೊದಲು ಬಂದದ್ದು, “ಯಾರಿಗೂ ಹೇಳಬೇಡ ಕಣೇ, ಮೊಮ್ಮಗಳಿಗೆ ಇನ್ನೂ ಮದುವೆ ಆಗಬೇಕು” ಎಂಬ ಮಾತೇ. ಕಾದಂಬರಿಯ ಕಾವೇರಿಗಾಗಿ ಅತ್ತವರಿಗೂ ಮನೆಯ ಕಾವೇರಿಯ ಬಗ್ಗೆ ಭಯ. ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. “ಅಮ್ಮಾ, ನಿನ್ನ ಬಿ.ಪಿ. ಮಾತ್ರೆ ಎಷ್ಟು ವರ್ಷದಿಂದ ತಗೋತೀಯ?” ಅಂದೆ. “ಹದಿನಾರು ವರ್ಷ ಆಯ್ತೇನೋ.” “ಅದಕ್ಕೆ ಯಾರಾದರೂ ಏನಾದರೂ ಅಂದರಾ?” ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಮರುದಿನದಿಂದ ಫೋನು ಮಾಡಿದಾಗಲೆಲ್ಲ “ನನ್ನದು ಆಯ್ತು, ನಿನ್ನದು ತಗೊಂಡೆಯಾ?” ಎಂದು ಕೇಳತೊಡಗಿದಳು. ಎಂಬತ್ತು ದಾಟಿದ ಅಮ್ಮ ಮತ್ತು ಐವತ್ತರ ಮಗಳು ಒಬ್ಬರಿಗೊಬ್ಬರು ಮಾತ್ರೆ ನೆನಪಿಸಿಕೊಂಡೆವು.

ಹೆದರುವವರಿಗೆ ಇನ್ನೆರಡು ವಿಷಯ ತಿಳಿದಿರಲಿ. ಬೆಂಗಳೂರಿನ ನಿಮ್ಹಾನ್ಸ್ ಹೆಸರನ್ನು ನಾವು ತಮಾಷೆಗೆ ಬಳಸುತ್ತೇವೆ. ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 1974ರಲ್ಲಿ ಆದ ಆ ಸಂಸ್ಥೆ ಇಡೀ ದೇಶಕ್ಕೆ ದಾರಿ ತೋರಿಸಿದ್ದು. 1980ರ ದಶಕದಲ್ಲಿ ಅಲ್ಲಿಯವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಊರಿನ ಆಸ್ಪತ್ರೆಗಳಲ್ಲಿಯೇ ಮನಸ್ಸಿನ ಕಾಯಿಲೆಗೂ ಔಷಧ ಸಿಗುವಂತೆ ಮಾಡಿದ ಪ್ರಯೋಗವೇ ಮಾದರಿಯಾಗಿ, 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಚಿಕಿತ್ಸೆ ಪಡೆಯುವುದು ನಮ್ಮ ಹಕ್ಕು, ಅದನ್ನು ಗುಟ್ಟಾಗಿಡುವುದು ಚಿಕಿತ್ಸೆ ಕೊಡುವವರ ಕರ್ತವ್ಯ. ಖಾಸಗಿ ಆಪ್ತಸಲಹೆಯ ಶುಲ್ಕ ಎಲ್ಲರಿಗೂ ಎಟುಕುವುದಿಲ್ಲ, ನನ್ನ ಸಂಬಳಕ್ಕೂ ಅದು ಭಾರವೇ ಆಗಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ ಎಂಬುದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. 2022ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಎಂಬ ಸರ್ಕಾರದ ದೂರವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಮಾತಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ರಾತ್ರಿ ಮೂರು ಗಂಟೆಗೆ ಎಚ್ಚರಾಗಿ ಬದುಕು ಸಾಕೆನ್ನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ಹೊತ್ತಿಗೇ ಫೋನು ಮಾಡಿ. ಸಾಧ್ಯವಾದರೆ ಮನೆಯವರನ್ನೋ ಪಕ್ಕದವರನ್ನೋ ಎಬ್ಬಿಸಿ.

ಇಷ್ಟೆಲ್ಲ ಮಾಡಿದರೂ ಕೆಟ್ಟ ದಿನಗಳು ಬರುತ್ತವೆ. ಅವು ಯಾವಾಗ ಬರುತ್ತವೆ ಎಂಬುದು ಪಂಚಾಂಗದಲ್ಲಿಯೇ ಇರುತ್ತದೆ. ನನಗೆ ಶ್ರಾವಣ ಕಷ್ಟ. ವರಮಹಾಲಕ್ಷ್ಮಿ ಹಬ್ಬದ ದಿನ ಸಂಜೆ ಬೀದಿಯಲ್ಲೆಲ್ಲ ರೇಷ್ಮೆ ಸೀರೆಗಳು ಓಡಾಡುತ್ತವೆ. ‘ಅರಿಶಿನ ಕುಂಕುಮಕ್ಕೆ ಬನ್ನಿ’ ಎನ್ನುವ ಮಾತು ಎಡ ಮನೆಗೂ ಬಲ ಮನೆಗೂ ಹೋಗಿ ನಡುವಿನ ನಮ್ಮ ಮನೆಯನ್ನು ದಾಟುತ್ತಿತ್ತು. ಕರೆಯದವರು ಕೆಟ್ಟವರಲ್ಲ. ಕರೆಯಬೇಕೋ ಬೇಡವೋ ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ಎರಡು ವರ್ಷ ಬಾಗಿಲು ಹಾಕಿಕೊಂಡು ಕೂತೆ. ಮೂರನೆಯ ವರ್ಷ ಹಬ್ಬಕ್ಕೆ ಒಂದು ವಾರ ಇರುವಾಗಲೇ ನಾನೇ ಆರು ಮನೆಗೆ ಹೋಗಿ ಕರೆದೆ. “ಶುಕ್ರವಾರ ಸಂಜೆ ಬನ್ನಿ, ಕೋಸಂಬರಿ ಮಾಡ್ತೇನೆ.” ನಾಲ್ವರು ಬಂದರು. ಬಾರದ ಇಬ್ಬರಲ್ಲಿ ಒಬ್ಬರು ಮುಂದಿನ ವರ್ಷ ಬಂದರು. ಇನ್ನೊಬ್ಬರು ಇಂದಿಗೂ ಬಂದಿಲ್ಲ, ಇರಲಿ. ಕೆಟ್ಟ ದಿನ ಯಾವುದೆಂದು ಮುಂಚೆಯೇ ಗೊತ್ತಿರುವಾಗ, ಅದು ಬರುವ ಮೊದಲೇ ಆ ದಿನಕ್ಕೊಂದು ಕೆಲಸ ಹಂಚಿಡುವುದು ಒಳ್ಳೆಯದು. ಮದುವೆಯ ತಾರೀಖಿನ ದಿನ ನಾನು ಪ್ರತಿ ವರ್ಷ ತೀರ್ಥಹಳ್ಳಿಯ ಬಸ್ಸು ಹತ್ತಿ, ಅಲ್ಲಿರುವ ಹಳೆಯ ಗೆಳತಿಯ ಮನೆಯಲ್ಲಿ ಊಟ ಮಾಡಿ ಬರುತ್ತೇನೆ. ಯಾಕೆ ಬಂದೆ ಎಂದು ಅವಳು ಕೇಳುವುದಿಲ್ಲ. ಅವಳಿಗೆ ತಾರೀಖು ಗೊತ್ತು.

ಪಂಚಾಂಗದಲ್ಲಿ ಇಲ್ಲದ ಕೆಟ್ಟ ದಿನಗಳೂ ಉಂಟು. ಅವು ಕಳ್ಳನ ಹಾಗೆ ಬರುತ್ತವೆ, ಬಂದದ್ದು ನಮಗಿಂತ ಮೊದಲು ಬೇರೆಯವರಿಗೆ ಕಾಣುತ್ತದೆ. ಅದಕ್ಕೆ ಸಲಹೆಗಾರ್ತಿ ನನ್ನ ಕೈಯಲ್ಲೇ ನನ್ನ ಮೂರು ಗುರುತುಗಳನ್ನು ಬರೆಸಿದಳು: ಬಾಗಿಲಿಗೆ ಬಿದ್ದ ಪತ್ರಿಕೆ ಮಡಿಕೆ ಬಿಚ್ಚದೆ ಉಳಿಯುವುದು, ತುಳಸಿಗೆ ನೀರು ತಪ್ಪುವುದು, ಊಟ ಮಾಡದೆ ‘ಊಟ ಆಯ್ತು’ ಎನ್ನುವುದು. ಈ ಪಟ್ಟಿಯ ಒಂದು ಪ್ರತಿ ಮಗಳ ಹತ್ತಿರ, ಇನ್ನೊಂದು ಗಣಿತದ ಮೇಡಂ ಹತ್ತಿರ ಇದೆ. ಇವುಗಳಲ್ಲಿ ಎರಡು ಕಂಡರೆ ನನ್ನನ್ನು ಕೇಳದೆಯೇ ವೈದ್ಯರಿಗೆ ಫೋನು ಮಾಡುವ ಅಧಿಕಾರವನ್ನು ನಾನೇ ಅವರಿಬ್ಬರಿಗೆ ಕೊಟ್ಟಿದ್ದೇನೆ. ಮಗಳು ಊರಿಗೆ ಬಂದಾಗ ಚಪ್ಪಲಿ ಬಿಡುವ ಮುಂಚೆ ತುಳಸಿ ಕಟ್ಟೆಯ ಮಣ್ಣು ಮುಟ್ಟಿ ನೋಡುತ್ತಾಳೆ. ಮೊದಮೊದಲು ನನಗೆ ಪರೀಕ್ಷಾ ಕೊಠಡಿಗೆ ಸ್ಕ್ವಾಡ್ ಬಂದ ಹಾಗೆ ಅನ್ನಿಸುತ್ತಿತ್ತು. ಈಗ ಅಭ್ಯಾಸವಾಗಿದೆ. ಮೂರು ವರ್ಷದ ಹಿಂದೆ ಒಮ್ಮೆ ಗಣಿತದ ಮೇಡಂ ಆ ಅಧಿಕಾರವನ್ನು ಚಲಾಯಿಸಿಯೇ ಬಿಟ್ಟರು. ಹೋದೆ. ಆರೇಳು ತಿಂಗಳು ಮತ್ತೆ ಮಾತ್ರೆ ತೆಗೆದುಕೊಂಡೆ. ಮೊದಲ ಸಲ ಒಂದು ವರ್ಷ ಹಿಡಿದ ದಾರಿ ಎರಡನೆಯ ಸಲ ಬೇಗ ಸವೆಯಿತು, ಏಕೆಂದರೆ ಕೆರೆ ತುಂಬುವವರೆಗೆ ಕಾಯದೆ ಸೋರುವಾಗಲೇ ಏರಿಗೆ ಮಣ್ಣು ಹಾಕಿದ್ದೆವು.

‘ಇದನ್ನೆಲ್ಲ ಎಷ್ಟು ಕಾಲ ಮಾಡಬೇಕು?’ ಎಂದು ಕೇಳುವವರಿದ್ದಾರೆ. ಈಚೆಗೆ ವಿದ್ಯಾರ್ಥಿನಿಯೊಬ್ಬಳ ತಾಯಿ ಕೇಳಿದರು. ಅವರದ್ದೂ ನನ್ನದೇ ಕಥೆ, ವಯಸ್ಸು ಮಾತ್ರ ಮೂವತ್ತಾರು. ‘ಇಷ್ಟು ವರ್ಷ’ ಎಂದು ಹೇಳಲಿಕ್ಕೆ ಬರಲಿಲ್ಲ. “ಸದ್ಯಕ್ಕೆ ಮುಂದಿನ ಗುರುವಾರ ಜಿಲ್ಲಾ ಆಸ್ಪತ್ರೆಗೆ ಹೋಗೋಣ. ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತೇನೆ, ತಿದ್ದಲಿಕ್ಕೆ ಪೇಪರ್ ಬೇಕಾದಷ್ಟಿದೆ” ಅಂದೆ. ಆಕೆ ಬಂದರು. ಈಗ ಒಬ್ಬರೇ ಹೋಗಿ ಬರುತ್ತಾರೆ.

ನನಗೀಗ ಐವತ್ತೇಳು. ನಿವೃತ್ತಿಗೆ ಮೂರು ವರ್ಷ. ಇಷ್ಟು ದಿನ ನನ್ನನ್ನು ಎಬ್ಬಿಸಿ ನಡೆಸಿದ ಶಾಲೆಯ ಗಂಟೆ ಆಮೇಲೆ ನನಗಾಗಿ ಹೊಡೆಯುವುದಿಲ್ಲ. ಅದರ ಹೆದರಿಕೆ ನನಗಿದೆ. ಆದ್ದರಿಂದ ಏಪ್ರಿಲ್-ಮೇ ತಿಂಗಳ ಬೇಸಿಗೆ ರಜೆಯನ್ನು ನಿವೃತ್ತಿಯ ಪೂರ್ವಸಿದ್ಧತಾ ಪರೀಕ್ಷೆ ಎಂದು ಭಾವಿಸಿ ಎರಡು ವರ್ಷದಿಂದ ಅಭ್ಯಾಸ ಮಾಡುತ್ತಿದ್ದೇನೆ. ಹೋದ ಬೇಸಿಗೆಯಲ್ಲಿ ಬೀದಿಯ ಐದು ಮಕ್ಕಳಿಗೆ ಬೆಳಿಗ್ಗೆ ಎಂಟಕ್ಕೆ ಕಾಗುಣಿತ, ಕಥೆ ಹೇಳಿಕೊಟ್ಟೆ. ಐದೂ ಮಕ್ಕಳು ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಬಂದು ಗೇಟು ಬಡಿಯುತ್ತಿದ್ದವು. ಕ್ಯಾಲೆಂಡರಿನಲ್ಲಿ ಏಪ್ರಿಲ್ ಪೂರ್ತಿ ಗೆರೆಗಳಿವೆ, ಮೇ ತಿಂಗಳ ಎರಡನೆಯ ವಾರದಲ್ಲಿ ನಾಲ್ಕು ಚೌಕ ಖಾಲಿ. ಆ ನಾಲ್ಕು ದಿನ ಮಕ್ಕಳೆಲ್ಲ ಅಜ್ಜಿ ಮನೆಗೆ ಹೋಗಿದ್ದವು. ಬರುವ ಮೇ ತಿಂಗಳಿಗೆ, ಆ ವಾರಕ್ಕೆ ಏನು ಮಾಡುವುದೆಂದು ಈಗಿನಿಂದಲೇ ಯೋಚಿಸುತ್ತಿದ್ದೇನೆ.